ಮೇನ್ ತೆಗೆದೇ ಇದೆ

ನಾನು ಒಂದು ಟೆಸ್ಟರ್. ಬೆಚ್ಚಿಬೀಳುವುದೇ ನನ್ನ ಕಸುಬು. ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ಅನುಮಾನ ಬಂದಾಗ ಮನುಷ್ಯರು ತಮ್ಮ ಬೆರಳಿನ ಬದಲು ನನ್ನ ಮೂತಿಯನ್ನು ಅದಕ್ಕೆ ಒತ್ತುತ್ತಾರೆ. ಕರೆಂಟ್ ಇದ್ದರೆ ನನ್ನ ಹೊಟ್ಟೆಯೊಳಗಿನ ಪುಟ್ಟ ಬಲ್ಬು ಕೆಂಪಗೆ ಹೊತ್ತಿಕೊಳ್ಳುತ್ತದೆ. ಇಲ್ಲದಿದ್ದರೆ ನಾನು ಸುಮ್ಮನಿರುತ್ತೇನೆ. ನನಗೆ ಬರುವ ಭಾಷೆ ಇಷ್ಟೇ. ಅದಕ್ಕೂ ಒಂದು ಷರತ್ತಿದೆ: ನನ್ನ ನೆತ್ತಿಯ ಮೇಲಿರುವ ಲೋಹದ ಗುಂಡಿಯನ್ನು ಬೆರಳಿಂದ ಮುಟ್ಟಿರಬೇಕು. ಮುಟ್ಟದಿದ್ದರೆ ಎಷ್ಟೇ ಕರೆಂಟ್ ಹರಿಯಲಿ, ನಾನು ಮೂಗನೇ.

ನಾನು ಹುಟ್ಟಿದ್ದು ಯಾವುದೋ ಊರಿನ ತಗಡಿನ ಶೆಡ್ಡೊಂದರಲ್ಲಿ. ಒಬ್ಬ ಹೆಂಗಸು ನನ್ನ ಹೊಟ್ಟೆಯೊಳಗೆ ಬಲ್ಬು, ಸ್ಪ್ರಿಂಗು ತುಂಬಿ, ನೆತ್ತಿ ತಿರುಗಿಸಿ ಬಿಗಿ ಮಾಡಿ, ಸೀದಾ ಗೋಡೆಯ ಸಾಕೆಟ್ಟಿಗೆ ತುರುಕಿದಳು. ಉಳಿದವರು ತಾಯಿಯ ಮುಖ ನೋಡಿ ಕಣ್ಣು ಬಿಡುತ್ತಾರಂತೆ. ನಾನು ಕಣ್ಣು ಬಿಟ್ಟದ್ದು ಶಾಕಿನಲ್ಲಿ. "ಇದು ಪಾಸು" ಎಂದು ಆಕೆ ನನ್ನನ್ನು ಬುಟ್ಟಿಗೆ ಎಸೆದಳು. ಅವತ್ತು ಹತ್ತಿದ ಗಾಬರಿ ಜನ್ಮಪೂರ್ತಿ ಇಳಿಯಲಿಲ್ಲ.

ಚನ್ನರಾಯಪಟ್ಟಣದ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ರಟ್ಟಿಗೆ ಸಿಕ್ಕಿಸಿಕೊಂಡು ನೇತಾಡುತ್ತಿದ್ದ ನನ್ನನ್ನು ಕೊಂಡವನು ವೈರಿಂಗ್ ಕೆಲಸದ ಇಸ್ಮಾಯಿಲ್. ಅವನ ಅಂಗಿ ಜೇಬಿನಲ್ಲಿ ಕೂತು ನಾನು ಊರಿನ ಮನೆಗಳನ್ನೆಲ್ಲ ನೋಡಿದೆ. ದೇವರೇ, ಏನೇನು ನೋಡಿದೆ! ಪ್ಲಗ್ಗೇ ಇಲ್ಲದ ಎರಡು ಬೆತ್ತಲೆ ವೈರುಗಳನ್ನು ಸಾಕೆಟ್ಟಿನ ತೂತಿಗೆ ಇಳಿಬಿಟ್ಟು, ಬೀಳದಿರಲಿ ಎಂದು ಬೆಂಕಿಕಡ್ಡಿ ಸಿಕ್ಕಿಸಿ, ಅದರಿಂದ ತೊಟ್ಟಿಲ ಮಗುವಿಗೆ ಫ್ಯಾನ್ ತಿರುಗಿಸುತ್ತಿದ್ದರು. ವೈರು ಕಿತ್ತುಹೋದ ಇಸ್ತ್ರಿಪೆಟ್ಟಿಗೆಗೆ ಕೈಗೆ ಗಾಯವಾದಾಗ ಸುತ್ತುವ ಪಟ್ಟಿ ಸುತ್ತಿದ್ದರು. ಒಂದು ಮನೆಯ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಇಸ್ಮಾಯಿಲ್ ಗದರಿಸಿದರೆ ಆ ಮನೆಯ ಅಜ್ಜಿ, "ಸಣ್ಣ ಶಾಕು ಮೈಗೆ ಒಳ್ಳೇದು ಬಿಡಪ್ಪ, ವಾಯು ಹಿಡ್ಕಂಡಿದ್ರೆ ಬಿಡ್ತದೆ" ಅಂದಿತು. ನಾನು ಜೇಬಿನಲ್ಲೇ ಹೌಹಾರಿದೆ.

ಯಂತ್ರಗಳ ವಿಷಯದಲ್ಲಿ ಅಭಿಪ್ರಾಯ ಇಲ್ಲದವರನ್ನು ನಾನು ಕಂಡಿಲ್ಲ. ಟಿ.ವಿ. ಮಬ್ಬಾದರೆ ತಲೆಗೆ ಎರಡು ಬಿಟ್ಟರೆ ಸರಿಹೋಗುತ್ತದೆ. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳಬೇಕು. ಅಕ್ಕಿ ಯಾವುದು, ದಪ್ಪದೋ ಸಣ್ಣದೋ ಎಂಬುದರ ಮೇಲೆ ಜಗಳ. ಹಳೆಯ ಮಿಕ್ಸಿ ಕಲ್ಲನ್ನೂ ರುಬ್ಬುತ್ತಿತ್ತು, ಈಗಿನವಕ್ಕೆ ಚಟ್ನಿಯೂ ಭಾರ. ಅರ್ತಿಂಗ್ ವೈರು ಕಂಪನಿಯವರ ಮೋಸ, ಎರಡು ವೈರಿದ್ದರೆ ಸಾಕು, ಮೂರನೆಯದು ಕತ್ತರಿಸಿ. ಇದನ್ನು ಹೇಳಿದವನು ಕೈಯಲ್ಲಿ ಕತ್ತರಿ ಹಿಡಿದೇ ಹೇಳಿದ.

ಟೆಸ್ಟರನ್ನೂ ಛತ್ರಿಯನ್ನೂ ಕೇಳಿಕೊಂಡು ಹೋದವರು ವಾಪಸು ತಂದುಕೊಟ್ಟ ಉದಾಹರಣೆ ಇಲ್ಲ. ಇಸ್ಮಾಯಿಲನಿಂದ ನನ್ನನ್ನು "ಒಂದ್ನಿಮಿಷ" ಎಂದು ಇಸಿದುಕೊಂಡವನು ಟೈಲರ್ ಶಿವನಂಜಪ್ಪ. ಆ ಒಂದು ನಿಮಿಷದಲ್ಲಿ ಎರಡು ದೀಪಾವಳಿ ಕಳೆದವು. ಆತ ನನ್ನಿಂದ ಪೇಂಟ್ ಡಬ್ಬ ಮೀಟಿದ, ಗೋಡೆಗೆ ತೂತು ಕೊರೆದ, ಒಂದು ದಿನ ಕಿವಿಯನ್ನೂ ಕೆರೆದುಕೊಂಡ. ಕರೆಂಟ್ ನೋಡಲು ಮಾತ್ರ ಒಮ್ಮೆಯೂ ಬಳಸಲಿಲ್ಲ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಎಂದು ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಅವನಿಂದ ನನ್ನನ್ನು ಕೇಳಿಕೊಂಡು ಹೋದವಳು ಪಕ್ಕದ ಮನೆಯ ಪುಟ್ಟಗೌರಮ್ಮ. ಅಲ್ಲಿ ನನಗೆ ಮರ್ಯಾದೆ ಸಿಕ್ಕಿತು. ಆಕೆಗೆ ಯಾವ ಪೆಟ್ಟಿಗೆ ಕಂಡರೂ ಬಿಚ್ಚಿ ನೋಡುವ ಚಪಲ. ಮಿಕ್ಸಿ, ಗ್ರೈಂಡರು, ಇಸ್ತ್ರಿಪೆಟ್ಟಿಗೆ, ಟಾರ್ಚು, ಮೊಮ್ಮಗಳ ಹಾಡುವ ಗೊಂಬೆ. ಫೋನಿನಲ್ಲಿ ವಿಡಿಯೋ ನೋಡುತ್ತ ಒಂದೊಂದೇ ಸ್ಕ್ರೂ ತೆಗೆದು ಊಟದ ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ಮತ್ತೆ ಜೋಡಿಸಿದಾಗ ಒಂದೆರಡು ಸ್ಕ್ರೂ ಮಿಕ್ಕುತ್ತಿದ್ದವು ನಿಜ. "ಕಂಪ್ನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ" ಅನ್ನುತ್ತಿದ್ದಳು. ನನ್ನ ಎದೆ ಧಸಕ್ಕೆನ್ನುತ್ತಿತ್ತು. ಆದರೆ ವೈರು ಮುಟ್ಟುವ ಮೊದಲು ತಪ್ಪದೆ ನನ್ನ ನೆತ್ತಿ ಮುಟ್ಟಿ ಕೇಳುತ್ತಿದ್ದಳು. ಅಷ್ಟಕ್ಕೇ ನಾನು ಆಕೆಗೆ ಮಾರುಹೋದೆ.

ಗಂಡ ಬೋರಯ್ಯ. ಪುರಸಭೆಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಬೀದಿ ಬೀದಿಯ ವಾಲ್ವ್ ತೆಗೆದು, ಹಾಕಿ, ತೆಗೆದು, ಹಾಕಿ ತಲೆ ಬೆಳ್ಳಗಾಗಿತ್ತು. "ಬೋರಣ್ಣ, ನಮ್ ಬೀದಿದು ತೆಗಿಯಣ್ಣ" ಎಂದು ಹೆಂಗಸರು ಕೊಡ ಹಿಡಿದು ಬೇಡಿಕೊಂಡಾಗ ತೆಗೆಯುತ್ತಿದ್ದ, ನೀರು ಹರಿಯುತ್ತಿತ್ತು. ಕರೆಂಟ್ ಎಂದರೆ ಮಾತ್ರ ಆತನಿಗೆ ಪ್ರಾಣಭಯ. ಫ್ಯಾನಿನ ಸ್ವಿಚ್ಚನ್ನೂ ಹೆಂಡತಿಯೇ ಒತ್ತಬೇಕು. "ನೀರು ಕಣ್ಣಿಗೆ ಕಾಣ್ತದೆ, ಇದು ಕಾಣದ ಕಳ್ಳ" ಎನ್ನುವುದು ಆತನ ತೀರ್ಮಾನವಾಗಿತ್ತು.

ಒಂದು ಭಾನುವಾರ ಬಚ್ಚಲುಮನೆಯ ಗೀಸರಿನ ಸಾಕೆಟ್ಟು ಸುಟ್ಟು ಕರಕಲಾಗಿತ್ತು. ಪುಟ್ಟಗೌರಮ್ಮ ಹೊಸ ಸಾಕೆಟ್ಟು ತಂದು, ಪ್ಲಾಸ್ಟಿಕ್ ಸ್ಟೂಲ್ ಹತ್ತಿ, ಒಂದು ಕೈಯಲ್ಲಿ ಗೀಸರಿನ ಪೈಪು ಹಿಡಿದು, ಇನ್ನೊಂದರಲ್ಲಿ ನನ್ನನ್ನು ಹಿಡಿದಳು. ಮೇನ್ ಸ್ವಿಚ್ ಇದ್ದದ್ದು ಮುಂದಿನ ಜಗಲಿಯಲ್ಲಿ. ಬೋರಯ್ಯ ಅಲ್ಲೇ ಪೇಪರ್ ಓದುತ್ತಿದ್ದ.

"ರೀ, ಮೇನ್ ತೆಗೀರಿ!" ಎಂದು ಕೂಗಿದಳು.

ಪೇಪರ್ ಮಡಚಿದ ಸದ್ದು ಕೇಳಿತು. ಆಮೇಲೆ ಜಗಲಿಯಿಂದ ಉತ್ತರ ಬಂತು. "ತೆಗೆದೇ ಇದೆ ಕಣೇ!"

ಕರೆಂಟ್ ಆಗಲೇ ಹೋಗಿದೆ ಎಂದುಕೊಂಡಳು ಆಕೆ. ಯಾವಾಗಲೂ ಕೇಳುವವಳು ಅವತ್ತು ನನ್ನನ್ನು ಕೇಳಲಿಲ್ಲ. ಗಂಡನೇ ಹೇಳಿದ ಮೇಲೆ ಟೆಸ್ಟರನ್ನು ಯಾರು ಕೇಳುತ್ತಾರೆ? ನೆತ್ತಿ ಬಿಟ್ಟು ನನ್ನ ಹಿಡಿಯನ್ನು ಹಿಡಿದು, ಸ್ಕ್ರೂಡ್ರೈವರಿನಂತೆ ನನ್ನಿಂದಲೇ ಸ್ಕ್ರೂ ತಿರುಗಿಸತೊಡಗಿದಳು. ನನ್ನ ಮೂತಿ ಸ್ಕ್ರೂಗೆ ತಾಗಿದ್ದೇ ತಡ, ಕರೆಂಟ್ ನನ್ನೊಳಗೆ ನುಗ್ಗಿತು. ಇದೆ! ಕರೆಂಟ್ ಇದೆ ಕಣಮ್ಮ! ನನ್ನ ತಲೆ ಮುಟ್ಟು, ಒಂದು ಸಲ ಮುಟ್ಟು! ನನ್ನ ಕೂಗು ಪ್ಲಾಸ್ಟಿಕ್ಕಿನೊಳಗೇ ಸತ್ತಿತು. ಆಕೆ ಸ್ಕ್ರೂ ಸಡಿಲಿಸಿ, ವೈರು ಎಳೆಯಲು ಬೆರಳು ಹಾಕಿದಳು.

ಅದನ್ನು ಹೇಗೆ ಹೇಳಲಿ. ಆಕೆಯ ಬಾಯಿಂದ ಬಂದದ್ದು ಮಾತಲ್ಲ, ಯಾವುದೋ ಪ್ರಾಣಿಯ ದನಿ. ಮೈಯೆಲ್ಲ ಬಿಲ್ಲಿನಂತೆ ಸೆಟೆಯಿತು. ಪುಣ್ಯಕ್ಕೆ ಮೊಣಕಾಲು ಕುಸಿದು, ಸ್ಟೂಲ್ ಜಾರಿ, ವೈರಿನಿಂದ ಕೈ ಬಿಡಿಸಿಕೊಂಡು ಧಡಾರೆಂದು ನೆಲಕ್ಕೆ ಬಿದ್ದಳು. ನಾನೂ ಬಿದ್ದೆ. ಕಲ್ಲಿನ ಮೇಲೆ ತಲೆಕೆಳಗಾಗಿ ಬಿದ್ದ ನಾನು ಆಕೆಯ ಮುಚ್ಚಿದ ಕಣ್ಣನ್ನು ನೋಡುತ್ತ ಮಲಗಿದ್ದೆ. ಆಕೆ ಸತ್ತೇಹೋದಳು ಎಂದುಕೊಂಡೆ.

ಓಡಿ ಬಂದ ಬೋರಯ್ಯ ಬಚ್ಚಲ ಬಾಗಿಲಲ್ಲೇ ಕುಸಿದ. ಶಿವನಂಜಪ್ಪ ಗೋಡೆ ಹಾರಿ ಬಂದು ಆಟೋ ಕರೆಸಿ ಆಸ್ಪತ್ರೆಗೆ ಸಾಗಿಸಿದ.

ಆಕೆ ಬದುಕಿದಳು. ಅಂಗೈ ಸುಟ್ಟಿತ್ತು, ಮುಂಗೈ ಮೂಳೆ ಮುರಿದಿತ್ತು. ಮನೆಗೆ ಬಂದ ಮೇಲೆ ನೋಡಲು ಬಂದವರದೆಲ್ಲ ಒಂದೊಂದು ಅಭಿಪ್ರಾಯ. ಗೀಸರೇ ಬೇಡ, ಹಂಡೆ ಒಲೆಯೇ ಸರಿ ಎಂದರು. ಫೋನಿನ ವಿಡಿಯೋ ನೋಡಿ ಕೆಟ್ಟಳು ಎಂದರು. ಹೆಂಗಸಿಗ್ಯಾಕೆ ಬೇಕಿತ್ತು ಸ್ಕ್ರೂ ತಿರುಗಿಸೋದು ಎಂದವರೇ ಹೆಚ್ಚು. ಎಲ್ಲರಿಗೂ ಬೋರಯ್ಯ ಹೇಳುತ್ತಿದ್ದದ್ದು ಒಂದೇ ಮಾತು: "ಮೇನ್ ತೆಗೆದಿತ್ತು ಕಣ್ರಪ್ಪ. ನಾನೇ ನೋಡ್ದೆ."

ಈ ಮಾತು ಪುಟ್ಟಗೌರಮ್ಮನ ತಮ್ಮ ಜವರೇಶನ ಗಂಟಲಲ್ಲಿ ಇಳಿಯಲಿಲ್ಲ. ಆತ ಹೊಳೆನರಸೀಪುರದಿಂದ ಅಕ್ಕನನ್ನು ಕರೆದೊಯ್ಯಲೆಂದೇ ಬಂದಿದ್ದ. ಆಕೆಯ ಬಟ್ಟೆ ಚೀಲಕ್ಕೆ ತುಂಬಿ ಆಗಿತ್ತು. ನಾನು ಕಿಟಕಿಯ ಮೇಲಿದ್ದೆ.

"ಮೇನ್ ತೆಗೆದಿತ್ತು ಅಂತೀರಲ್ಲ ಭಾವ, ಅಂಗಾದ್ರೆ ಅಕ್ಕಂಗೆ ಹೊಡೆದ ಶಾಕು ಆಕಾಶದಿಂದ ಇಳೀತಾ?" ಎಂದು ಕೇಳಿದ ಜವರೇಶ. "ಜಗಲಿಯಿಂದ ಎದ್ದೇ ಇಲ್ಲ ನೀವು. ಕೂತಲ್ಲಿಂದ್ಲೇ ಸುಳ್ಳು ಕೂಗಿದೀರಿ."

"ನನ್ನಾಣೆಗೂ ಎದ್ದು ನೋಡ್ದೆ ಕಣಪ್ಪ."

ಪುಟ್ಟಗೌರಮ್ಮ ಗಂಡನ ಮುಖ ನೋಡಲಿಲ್ಲ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಆಕೆಯೂ ಸುಳ್ಳೆಂದೇ ನಂಬಿದ್ದಳು.

ಕಾಫಿ ಲೋಟ ಹಿಡಿದು ಕೂತಿದ್ದ ಶಿವನಂಜಪ್ಪ ಮೆಲ್ಲಗೆ ಬಾಯಿ ಹಾಕಿದ. "ಬೋರಣ್ಣ, ತಪ್ಪು ತಿಳ್ಕಾಬ್ಯಾಡಿ. ನಾನು ಬಂದಾಗ ನಡುಮನೇಲಿ ಫ್ಯಾನ್ ತಿರುಗ್ತಾ ಇತ್ತು."

"ತಿರುಗ್ದೆ ಇನ್ನೇನಾಗ್ತದೆ?" ಎಂದು ಬೋರಯ್ಯ ಸಿಡಿದ. "ಮೇನ್ ತೆಗೆದಿತ್ತಲ್ಲ!"

ಪುಟ್ಟಗೌರಮ್ಮ ಮೊದಲ ಬಾರಿಗೆ ತಲೆಯೆತ್ತಿದಳು.

"ರೀ, ಇನ್ನೊಂದ್ಸಲ ಹೇಳಿ. ಮೇನ್ ತೆಗೆದ್ರೆ ಫ್ಯಾನ್ ತಿರುಗ್ತದಾ?"

"ತೆಗೆದ್ರೆ ತಾನೇ ಹರಿಯೋದು, ತಿರುಗೋದು? ಹಾಕಿದ್ರೆ ನಿಂತೋಗ್ತದೆ. ವಾಲ್ವ್ ತೆಗೆದ್ರೆ ನೀರು ಬರ್ತದೆ, ಹಾಕಿದ್ರೆ ನಿಲ್ತದೆ. ಬಾಗ್ಲು ತೆಗೆದ್ರೆ ಜನ ಬರ್ತಾರೆ. ನೀನು ತೆಗೀರಿ ಅಂದೆ. ನೋಡ್ದೆ, ತೆಗೆದೇ ಇತ್ತು. ಹಂಗೇ ಬಿಟ್ಟೆ."

ನನ್ನ ಮೈ ಜುಮ್ಮೆಂದಿತು. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟು ಹಾಕಿದರೆ ಹೊತ್ತಿಕೊಳ್ಳುತ್ತದೆ. ನಲ್ಲಿ ತೆಗೆದರೆ ಹರಿಯುತ್ತದೆ, ಫ್ಯೂಸ್ ತೆಗೆದರೆ ನಿಲ್ಲುತ್ತದೆ. ಇಷ್ಟು ವರ್ಷ ಈ ಮಾತುಗಳನ್ನು ಕೇಳುತ್ತಲೇ ಇದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಆತ ಸುಳ್ಳು ಹೇಳಿರಲಿಲ್ಲ, ಆಕೆ ತಪ್ಪು ಕೇಳಿಸಿಕೊಂಡಿರಲಿಲ್ಲ. ಇಬ್ಬರೂ ಅಚ್ಚ ಕನ್ನಡದಲ್ಲೇ ಮಾತಾಡಿ ಒಂದು ಜೀವವನ್ನು ಕಳೆಯುವುದರಲ್ಲಿದ್ದರು.

ಬೋರಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ, ನನ್ ಬಾಯಿಗೆ ಮಣ್ಣಾಕ! ನಿನ್ನ ಕೊಂದೇಬಿಡ್ತಿದ್ನಲ್ಲೇ ಗೌರಾ" ಎಂದು ನೆಲದ ಮೇಲೆ ಕೂತುಬಿಟ್ಟ. ಪುಟ್ಟಗೌರಮ್ಮ ಪಟ್ಟಿ ಕಟ್ಟಿದ ಕೈಯನ್ನು ಆತನ ಹೆಗಲ ಮೇಲಿಟ್ಟು ಅತ್ತಳು. ಜವರೇಶ ಚೀಲದಿಂದ ಅಕ್ಕನ ಸೀರೆಗಳನ್ನು ಒಂದೊಂದಾಗಿ ಹೊರಗಿಟ್ಟ.

ಅವತ್ತೇ ಆಕೆ ಕಾನೂನು ಮಾಡಿದಳು. "ಇನ್ಮೇಲೆ ಈ ಮನೇಲಿ ಬಾಯಿಮಾತು ಬ್ಯಾಡ. ನಾನು ವೈರು ಮುಟ್ಟೋಕೆ ಮುಂಚೆ ನೀವು ಫ್ಯೂಸ್ ಕಿತ್ಕಂಡ್ ಬಂದು ನನ್ ಕೈಗೆ ಕೊಡಬೇಕು. ಕೈಗೆ ಬರೋವರ್ಗೂ ನಾನು ಮುಟ್ಟಲ್ಲ." ಕರೆಂಟಿಗೆ ಹೆದರಿ ಸಾಯುವ ಬೋರಯ್ಯ ಕೈಗೆ ಒಣಬಟ್ಟೆ ಸುತ್ತಿಕೊಂಡು, ಕಣ್ಣು ಅರೆಮುಚ್ಚಿಕೊಂಡು, ಪಿಂಗಾಣಿಯ ಫ್ಯೂಸ್ ಕೀಳುವುದನ್ನು ಕಲಿತ.

ಕೈ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯ ಸ್ವಿಚ್ಚು ಕೆಟ್ಟಿತು. ಪುಟ್ಟಗೌರಮ್ಮ ಅಷ್ಟು ದಿನಗಳ ಮೇಲೆ ನನ್ನನ್ನು ಕೈಗೆತ್ತಿಕೊಂಡಳು. ನನಗೆ ಜೀವ ಬಂದಂತಾಯಿತು. ಬೋರಯ್ಯ ಫ್ಯೂಸ್ ಕೀಳಲು ಹೋದ. ಫ್ಯೂಸ್ ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿತ್ತೋ ಏನೋ, ಬರುವುದು ತಡವಾಯಿತು. ಕಾದು ಬೇಸತ್ತ ಆಕೆ ನನ್ನ ಮೂತಿಯನ್ನು ವೈರಿಗೆ ಒತ್ತಿ, ನೆತ್ತಿಯ ಮೇಲೆ ಬೆರಳಿಟ್ಟಳು.

ಕರೆಂಟ್ ನನ್ನೊಳಗೆ ನುಗ್ಗಿತು. ಈ ಸಲ ಬೆರಳು ಸರಿಯಾದ ಜಾಗದಲ್ಲೇ ಇತ್ತು. ಹೊತ್ತಿಕೊಳ್ಳಬೇಕೆಂದು ಹೊರಟೆ. ಹೊತ್ತಿಕೊಳ್ಳಲಿಲ್ಲ. ಮತ್ತೆ ಮತ್ತೆ ಹೆಣಗಿದೆ, ಏನೂ ಇಲ್ಲ. ಬಚ್ಚಲ ಕಲ್ಲಿನ ಮೇಲೆ ಬಿದ್ದ ದಿನವೇ ನನ್ನ ಬಲ್ಬು ಸತ್ತಿತ್ತು. ಅದು ನನಗೇ ಗೊತ್ತಿರಲಿಲ್ಲ.

"ಕಿತ್ತಾಯ್ತು ಅನ್ಸುತ್ತೆ" ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡು ಕೈ ಮುಂದೆ ಮಾಡಿದಳು. ಬೇಡಮ್ಮ, ಬೇಡ! ನಾನು ಸುಮ್ಮನಿರುವುದು ಕರೆಂಟ್ ಇಲ್ಲವೆಂದಲ್ಲ! ಬೆರಳಿಗೂ ವೈರಿಗೂ ನಡುವೆ ಒಂದು ಕಡಲೆಕಾಳು ತೂರುವಷ್ಟು ಜಾಗ ಉಳಿದಿತ್ತು.

ಆಕೆ ಅಲ್ಲಿಗೇ ನಿಂತಳು. ಕೈಗೆ ಫ್ಯೂಸ್ ಬಂದಿರಲಿಲ್ಲ. ತಾನೇ ಮಾಡಿದ ಕಾನೂನು. ಬೆರಳನ್ನು ಹಿಂದಕ್ಕೆ ಎಳೆದುಕೊಂಡು, ಕಟ್ಟೆಗೆ ಒರಗಿ ಕಾದಳು.

ಬೋರಯ್ಯ ಬೆವರುತ್ತ ಬಂದು ಪಿಂಗಾಣಿಯ ಫ್ಯೂಸನ್ನು ಆಕೆಯ ಅಂಗೈಯಲ್ಲಿಟ್ಟ. "ತಗಾ. ಮುಚ್ಚಳ ಬರ್ತಾನೇ ಇರ್ಲಿಲ್ಲ. ಈಗಿನ್ನೂ ಕಿತ್ತೆ."

"ಈಗಿನ್ನೂನಾ?"

"ಹೂಂ. ಕಿತ್ತೆ, ಬಂದೆ."

ಆಕೆ ನನ್ನನ್ನು ನೋಡಿದಳು. ಯಾವ ಮನುಷ್ಯರೂ ನನ್ನನ್ನು ಹಾಗೆ ನೋಡಿಲ್ಲ. ಫ್ಯೂಸ್ ಮತ್ತೆ ಹಾಕಿಸಿ, ನಡುಮನೆಯಲ್ಲಿ ಫ್ಯಾನ್ ತಿರುಗುತ್ತಿರುವಾಗಲೇ ಪಕ್ಕದ ಸಾಕೆಟ್ಟಿಗೆ ನನ್ನನ್ನು ತೂರಿಸಿ ನೆತ್ತಿ ಮುಟ್ಟಿದಳು. ನಾನು ಸುಮ್ಮನಿದ್ದೆ. ಬೋರಯ್ಯ ಕೈ ಚಾಚಿದ.

"ಗುಜರಿ ಡಬ್ಬಕ್ಕೆ ಹಾಕ್ತೀನಿ, ಕೊಡು" ಅಂದ.

"ಹಂಗೇ ಹಾಕ್ಬ್ಯಾಡಿ. ನೋಡೋಕೆ ಹೊಸದ್ರಂಗೆ ಅದೆ. ಯಾರಾದ್ರೂ ಎತ್ಕಂಡ್ರೆ?" ಎಂದಳು ಪುಟ್ಟಗೌರಮ್ಮ. ಕಟಿಂಗ್ ಪ್ಲೇಯರಿನ ಬಾಯಿಗೆ ನನ್ನ ಕತ್ತು ಕೊಟ್ಟು, ಎರಡೂ ಕೈಯಿಂದ ಅದುಮಿ, ನನ್ನನ್ನು ಎರಡು ತುಂಡು ಮಾಡಿದಳು. ವಾಸಿಯಾದ ಮುಂಗೈ ನೋಯುತ್ತಿತ್ತು, ಆದರೂ ಬಿಡಲಿಲ್ಲ. ನನಗೆ ಆಕೆಯ ಮೇಲೆ ಕೋಪ ಬರಲಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ಗುಜರಿ ಅಂಗಡಿಯ ಗೋಣಿಚೀಲದಲ್ಲಿದ್ದೇನೆ. ಅಕ್ಕಪಕ್ಕದಲ್ಲಿ ನೋಡಲು ಗಟ್ಟಿಮುಟ್ಟಾಗಿರುವ ಇಸ್ತ್ರಿಪೆಟ್ಟಿಗೆಗಳು, ಹೊಳೆಯುವ ಹೀಟರುಗಳು ಬಿದ್ದಿವೆ. ಚೀಲಕ್ಕೆ ಕೈ ಹಾಕುವವರು ಅವುಗಳನ್ನು ಎತ್ತಿ, ತಿರುಗಿಸಿ ನೋಡಿ, "ಇದೇನಾಗಿದೆ, ಚೆನ್ನಾಗೇ ಇದೆಯಲ್ಲ" ಎಂದು ಮನೆಗೆ ಒಯ್ಯುತ್ತಾರೆ. ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬರುತ್ತದೆ. ನನ್ನನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ನಾನು ಮುರಿದಿದ್ದೇನೆಂದು ಕುರುಡನಿಗೂ ಗೊತ್ತಾಗುತ್ತದೆ, ನನ್ನನ್ನು ನಂಬಿ ಇನ್ನು ಯಾರೂ ವೈರು ಮುಟ್ಟುವುದಿಲ್ಲ.