ಸೌಟು ಹಿಡಿದ ಕೈ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ದಸ್ತಗಿರಿ ಸಾಬರ ಅಂಗಡಿ ಐತಿ. ಬೆಳ್ಳಿ ನಾಣ್ಯ ಇರಲಿ, ಸಾಲಿ ಹುಡುಗರ ಪದಕ ಇರಲಿ, ಒತ್ತಬೇಕಂದ್ರ ಮೊದಲು ಉಕ್ಕಿನ ಅಚ್ಚು ಬೇಕು. ಆ ಅಚ್ಚು ಕಡಿಯೋದ್ರಾಗ ಹಡಗಲಿಯಿಂದ ಕೂಡ್ಲಿಗಿ ತನಕ ಸಾಬರಂಥ ಕೈ ಇನ್ನೊಂದಿಲ್ಲ. ಇದು ನನ್ನ ಮಾತಲ್ಲ, ಸಾಬರ ಮಾತು. ಆದ್ರ ಸುಳ್ಳೂ ಅಲ್ಲ ಬಿಡ್ರಿ.

ಅದೇ ಅಂಗಡ್ಯಾಗ ಅವರ ಅಕ್ಕನ ಮಗಳು ತಬಸ್ಸುಮ್, ಹರಪನಹಳ್ಳ್ಯಾಗ ಐಟಿಐ ಓದಿ ಬಂದಾಕಿ, ಆರು ವರ್ಷದಿಂದ ಅಚ್ಚಿಗೆ ಹೊಳಪು ಕೊಡ್ತಾಳ. ಬಿದಿರು ಕಡ್ಡಿ ತುದಿಗೆ ವಜ್ರದ ಪೇಸ್ಟ್ ಹಚ್ಚಿ ಆಕಿ ತಿಕ್ಕಿದಳಂದ್ರ ಉಕ್ಕಿನಾಗ ನಿಮ್ಮ ರೆಪ್ಪಿ ಕೂದಲು ಎಣಿಸಬಹುದು. ಆದ್ರ ಆಕಿಗೆ ಬೇಕಾಗಿದ್ದು ಕಡ್ಡಿ ಅಲ್ಲ, ಉಳಿ.

"ಮಾಮು, ಒಂದ ಒಂದು ಅಚ್ಚು ನಾ ಕಡೀತೀನ್ರಿ."

"ಹೊಳಪು ನಿಂದು, ಉಳಿ ನಂದು. ತೆಲಿ ತಿನ್ನಬ್ಯಾಡ."

ವರ್ಷಕ್ಕ ನಾಕು ಸಲ ಇದೇ ಪ್ರಶ್ನಿ, ಇದೇ ಉತ್ತರ. ಕಡಿದವರ ಹೆಸರಿನ ಮೊದಲ ಅಕ್ಷರ ಅಚ್ಚಿನ ಬೆನ್ನಿಗೆ ಹಾಕೋದು ಆ ಅಂಗಡಿ ರಿವಾಜು. ನಲವತ್ತು ವರ್ಷದ ಅಚ್ಚು ಸಾಲಾಗಿ ಇಟ್ಟಾರ, ಯಾವ್ದು ತಿರುವಿ ನೋಡಿದ್ರೂ ‘ದ’. ತಬಸ್ಸುಮ್ ಮಾತ್ರ ಊಟದ ಹೊತ್ತಿನಾಗ ತುಂಡು ಉಕ್ಕು ಹಿಡ್ಕೊಂಡು ಹೂವು, ಗಿಣಿ, ಮನುಷ್ಯರ ಮಾರಿ ಕಡದು ಕಡದು ಹಳೇ ಡಬ್ಬ್ಯಾಗ ಮುಚ್ಚಿಡ್ತಿದ್ಳು. ನನಗ ಬರತೈತಿ ಅನ್ನೋದು ಆಕಿಗೆ ಖಾತ್ರಿ ಇತ್ತು. ಕೊಡೋರು ಕೊಡವಲ್ರು, ಅಷ್ಟ.

ಹೀಗಿರೋವಾಗ ತೆಲಿಗಿಯ ಸೋಮಶೇಖರ್ ಒಂದು ಕೆಲಸ ತಂದ. ಹರಪನಹಳ್ಳ್ಯಾಗ ಖಾನಾವಳಿ ಇಟ್ಟು ಓದೋ ಹುಡುಗರಿಗೆ ಮೂವತ್ತೈದು ವರ್ಷ ಉಣ್ಣಿಸಿದ ಗುರುಬಸಮ್ಮಗ ಎಪ್ಪತ್ತೈದು ತುಂಬತಿತ್ತು. ಆಕಿ ಕೈಲೆ ಉಂಡು ದೊಡ್ಡವರಾದವರು ಎಲ್ಲಾ ಸೇರಿ, ಸೌಟು ಹಿಡಿದ ಆಕಿ ಚಿತ್ರದ ನೂರಾ ಎಂಟು ಬೆಳ್ಳಿ ನಾಣ್ಯ ಮಾಡಿಸಿ ಹಂಚಬೇಕಂತ. ಅಮ್ಮ ಫೋಟೋ ತೆಗಿಸ್ಕೊಳ್ಳಾಕ ಒಪ್ಪೋ ಪೈಕಿ ಅಲ್ಲ. ಮೊಮ್ಮಗಳು ಕ್ರಾಂತಿ ಪಕ್ಕಕ್ಕ ನಿಂತು ಹೊಡೆದ ಒಂದೇ ಒಂದು ಸೆಲ್ಫಿ ಸಿಕ್ಕಿತ್ತು. ಕ್ರಾಂತಿನ ಕತ್ತರಿಸಿ ತೆಗೆದು, ಅಮ್ಮನ್ನ ಅಷ್ಟ ದೊಡ್ಡದು ಮಾಡಿ ತಂದಿದ್ದ. ಕಾರ್ಯಕ್ರಮ ಭಾನುವಾರ.

ಸಾಬರು ಹತ್ತು ದಿನ ಕುಂತು ಕಡದ್ರು. ಏನ್ ಕಡದ್ರಂತೀರಿ! ಕೆನ್ನಿ ಸುಕ್ಕು, ನಗು, ಸೌಟಿನ ಅಂಚು, ಎಲ್ಲಾ ಇದ್ದಂಗ ಇತ್ತು. ಬುಧವಾರ ಮುಂಜಾನೆ ಅಚ್ಚನ್ನ ತಬಸ್ಸುಮ್ ಕೈಗೆ ಕೊಟ್ಟು, ತಾವು ಕುಲುಮಿಗೆ ಇದ್ದಲಿ ಹಾಕಿದ್ರು. ಕಡಿಯೋವಾಗ ಉಕ್ಕು ಮೆತ್ತಗಿರತೈತಿ. ಕೆಂಪಗ ಕಾಸಿ ಎಣ್ಣ್ಯಾಗ ಅದ್ದಿದ್ರ ಮುಗೀತು, ಆಮ್ಯಾಲೆ ಯಾವ ಉಳಿನೂ ಕಚ್ಚಂಗಿಲ್ಲ.

ತಬಸ್ಸುಮ್ ತಿಕ್ಕತಾ ತಿಕ್ಕತಾ ಗುರುಬಸಮ್ಮನ ಮಾರಿ ನೋಡಿ ನಕ್ಕಳು. ಐಟಿಐಗೆ ಹೋಗೋವಾಗ ಎರಡು ವರ್ಷ ಅಲ್ಲೇ ಉಂಡಾಕಿ. ಸಾಕು ಅಂದ್ರೂ ಅಮ್ಮ ಹಿಂಗ ಎದುರಿಗೆ ನಿಂತು, ಬಲಗೈಲೆ ಸೌಟು ಎತ್ತಿ, "ಇನ್ನೊಂದೀಟು ಹಾಕಿಸ್ಕ್ಯಾ" ಅನ್ನೋಳು. ಅದೇ ನಿಲುವು, ಅದೇ ಬಲಗೈ.

ಬಲಗೈ?

ಆಕಿ ಕೈಯಾಗಿನ ಕಡ್ಡಿ ನಿಂತುಬಿಡ್ತು. ಅಚ್ಚು ಅಂದ್ರ ಕನ್ನಡಿ ಇದ್ದಂಗ. ಅಚ್ಚಿನಾಗ ಬಲಗೈ ಕಂಡ್ರ ನಾಣ್ಯದಾಗ ಎಡಗೈ ಬರತೈತಿ. ಅಚ್ಚಿನೊಳಗ ಅಮ್ಮ ಖಾನಾವಳ್ಯಾಗ ಇದ್ದಂಗ ಕಾಣಾಕತ್ತಾಳಂದ್ರ ಎಲ್ಲೋ ಎಡವಟ್ಟಾಗೈತಿ. ಎದ್ದು ಫೋಟೋ ನೋಡಿದ್ಳು. ಸೆಲ್ಫಿ! ಹಾಳಾದ ಮೊಬೈಲು ಎಡ ಬಲ ಮಾಡಿ ಕೊಟ್ಟೈತಿ. ಸಾಬರು ಫೋಟೋ ನಂಬಿ ಕಡದಾರ, ಸುತ್ತಲಿನ ಅಕ್ಷರ ಎಲ್ಲಾ ಸರಿ ಅದಾವ, ಮನುಷ್ಯಾಳು ತಿರುವು ಮುರುವು.

"ಆಯ್ತೇನು? ಬೆಂಕಿ ಹದಕ್ಕ ಬಂತು," ಅಂತ ಸಾಬರು ಒಳಗಿಂದ ಕೂಗಿದ್ರು.

ಸುಮ್ಮನ ಕೊಟ್ಟುಬಿಡಬಹುದಿತ್ತು. ತಪ್ಪು ಫೋಟೋ ತಂದವರದು, ಹೊಳಪು ಕೊಟ್ಟಾಕಿದಲ್ಲ. ಹೇಳಿದ್ರೋ, ಉಳಿ ಕೇಳೋ ಹುಡುಗಿ ನನ್ನ ಕೆಲಸದಾಗ ತಪ್ಪು ತೆಗೆದ್ಳು ಅಂತ ಮಾಮು ಜನ್ಮದಾಗ ಉಳಿ ಮುಟ್ಟಾಕ ಕೊಡಂಗಿಲ್ಲ. ಆದ್ರ ಉಣ್ಣಿಸಿದ ತಾಯಿ ನೂರಾ ಎಂಟು ಮನ್ಯಾಗ ಎಡಗೈಲೆ ಬಡಿಸ್ಕೋಂತ ಕುಂದರಬೇಕೇನು?

ಅಚ್ಚು ಹಿಡ್ಕೊಂಡು ನೆಟ್ಟಗ ಕುಲುಮಿ ಹತ್ರ ಹೋದ್ಳು. "ಮಾಮು, ಇದನ್ನ ಬೆಂಕಿಗೆ ಹಾಕಬ್ಯಾಡ್ರಿ. ತಪ್ಪೈತಿ."

"ತಪ್ಪು? ನಾ ಕಡದದ್ರಾಗ?" ಸಾಬರ ಕಣ್ಣು ಕುಲುಮಿಗಿಂತ ಕೆಂಪಾದ್ವು. "ನಲವತ್ತು ವರ್ಷದಾಗ ಒಬ್ಬರು ಅಂದಿಲ್ಲ. ತಾ ಇಲ್ಲಿ!"

ಆಕಿ ಕೊಡಲಿಲ್ಲ. ಒಳಗ ಸಾಬರ ಹೆಂಡತಿ ಹಮೀದಾ ಬೀ ಚಪಾತಿ ಹಿಟ್ಟು ನಾದಾಕತ್ತಿದ್ಳು. ತಬಸ್ಸುಮ್ ಹಿಡಿ ಹಿಟ್ಟು ಕಿತ್ತುಕೊಂಡು, ತಟ್ಟಿ, ಅಚ್ಚು ಒತ್ತಿ ಎತ್ತಿದ್ಳು. "ಮಾಮಿ, ಹೆಂಗೈತಿ ನೋಡ್ರಿ."

ಹಮೀದಾ ಬೀ ಕೈ ಒರೆಸ್ಕೊಂಡು ಬಗ್ಗಿದ್ಳು. "ಅರೆ, ಎಷ್ಟು ಚಂದ ಬಂದಾಳಲ್ಲ ಅಮ್ಮ..." ಅಂದಾಕಿ ಗಪ್ಪನ ಬಾಯಿಮ್ಯಾಲೆ ಕೈ ಇಟ್ಕೊಂಡ್ಳು. "ಯಾ ಅಲ್ಲಾ! ಎಡಗೈಲೆ ಬಡಸಾಕತ್ತಾಳಲ್ರಿ! ಸೆರಗೂ ಆ ಕಡಿಗೆ ಹೋಗೈತಿ!"

ಸಾಬರು ಹಿಟ್ಟು ನೋಡಿದ್ರು. ಅಚ್ಚು ನೋಡಿದ್ರು. ಫೋಟೋ ತರಿಸಿ ನೋಡಿದ್ರು. ಆಮ್ಯಾಲೆ ಕುಲುಮಿ ಗಾಳಿ ಬಂದ್ ಮಾಡಿ, ತಾವು ಕಡದ ಮುಖವನ್ನ ತಾವ ಸಾಣಿಗೆ ಹಿಡಿದ್ರು. ಹತ್ತು ದಿನದ ಕೆಲಸ ಕಿಡಿಯಾಗಿ ಹಾರಿ ಹೋತು. ಉಕ್ಕು ಬೋಳಾತು. ನೋಡಾಕ ಸಂಕಟ ಆಗಿ ತಬಸ್ಸುಮ್ ಮಾರಿ ತಿರುವಿದ್ಳು.

"ಭಾನುವಾರ ಅಂದ್ರ ನಾಕು ದಿನ," ಅಂದ್ರು ಸಾಬರು, ದನಿ ಇಳಿದಿತ್ತು. "ಒತ್ತಾಕ ಒಂದು ದಿನ ಬೇಕು. ನನ್ನ ಕಣ್ಣು ಹತ್ತು ದಿನಕ್ಕಿಂತ ಕಡಿಮಿಗೆ ಕಡಿಯಂಗಿಲ್ಲ. ಸೋಮಶೇಖರಗ ಆಗಂಗಿಲ್ಲ ಅಂತ ಹೇಳಿಬಿಡ್ತೀನಿ."

"ನಾ ಎರಡೂವರಿ ದಿನದಾಗ ಕಡೀತೀನಿ."

"ಅಷ್ಟು ಖಾತ್ರಿ ಐತೇನು?"

"ಐತಿ. ಆಕಿ ಮಾರಿಗೆ ನನಗ ಫೋಟೋ ಬೇಕಿಲ್ಲ."

ಸಾಬರು ಎದ್ದು ಹೋಗಿ, ಹಳೇ ಡಬ್ಬಿ ತಂದು ಆಕಿ ಮುಂದ ಬೋರಲು ಹಾಕಿದ್ರು. ಹೂವು, ಗಿಣಿ, ಮಾರಿಗಳು ಖಣಖಣ ಬಿದ್ವು. "ಈ ಗಿಣಿ ಕೊಕ್ಕು ಭಾಳ ಆಳ ಹೋಗೈತಿ," ಅಂದ್ರು. "ಅಮ್ಮನ ಮೂಗು ಹಂಗ ಮಾಡೀಯಾ, ಜ್ವಾಕಿ." ಉಳಿ ಆಕಿ ಅಂಗೈಯಾಗ ಇಟ್ರು. ಎಷ್ಟು ವರ್ಷದಿಂದ ಡಬ್ಬಿ ನೋಡಾಕತ್ತಿದ್ರೋ ಏನೋ, ಯಪ್ಪಾ, ಒಂದು ಮಾತು ಆಡಿರಲಿಲ್ಲ!

ತಬಸ್ಸುಮ್ ಕಡದ್ಳು. ಅಚ್ಚಿನಾಗ ಅಮ್ಮ ಎಡಗೈಲೆ ಬಡಸಾಕತ್ತಿದ್ಳು, ಅದನ್ನ ನೋಡಿ ಈ ಸಲ ಆಕಿಗೆ ನೆಮ್ಮದಿ ಆತು. ಶುಕ್ರವಾರ ಮಧ್ಯಾಹ್ನ ಉಳಿ ಕೆಳಗಿಟ್ಟಾಗ, ಸಾಬರು ಆಕಿ ಗಿಡ್ಡ ಸ್ಟೂಲಿನ ಮ್ಯಾಲೆ ಕುಂತು, ಬಿದಿರು ಕಡ್ಡಿಗೆ ಪೇಸ್ಟ್ ಹಚ್ಚಿ, ಆಕಿ ಅಚ್ಚಿಗೆ ತಾವ ಹೊಳಪು ಕೊಡಾಕ ಶುರು ಮಾಡಿದ್ರು. ಎರಡು ತಾಸು ತಿಕ್ಕಿದ್ರು. ತಪ್ಪು ಹುಡುಕಿದ್ರು ಅನ್ನೋದು ಆಕಿಗೆ ಗೊತ್ತಿತ್ತು. ಕಡೀಕೆ ಹಿಟ್ಟಿನಾಗ ಒತ್ತಿ, ಬಲಗೈ ನೋಡಿ, ಅಚ್ಚು ತಿರುವಿದ್ರು.

"ಬೆನ್ನು ಖಾಲಿ ಐತಲ್ಲಲೇ. ಯಾರು ಕಡದಾರಂತ ಬೆಂಕಿಗೆ ಹಾಕಲಿ?"

ತಬಸ್ಸುಮ್ ಅಚ್ಚನ್ನ ತನ್ನ ಮುಂದಕ್ಕ ಎಳಕೊಂಡ್ಳು. ಉಳಿ ಎತ್ತಿ ‘ತ’ ಶುರು ಮಾಡಿದ್ಳು, ರೂಢಿಲೆ ತಿರುವು ಮುರುವಾಗಿ. ಸಾಬರು ಕಡ್ಡಿಲೆ ಆಕಿ ಬೆರಳಿಗೆ ಮೆಲ್ಲಕ ಬಡದ್ರು.

"ಬೆನ್ನು ಬೆಳ್ಳಿಗೆ ತಾಗಂಗಿಲ್ಲ, ಹುಚ್ಚಿ. ನಿನ್ನ ಹೆಸರು ನೆಟ್ಟಗ ಬರಿ."