ಅಡುಗೆಯವರಿಗೆ ಮೂಗು ಕೈಕೊಟ್ಟಾಗ

ಮನೆ ಮನೆ ಸುತ್ತಿ ಬಿಪಿ ನೋಡುವುದು, ತೂಕ ಹಾಕುವುದು, ಮಾತ್ರೆ ನುಂಗಿದಿರಾ ಎಂದು ಕೇಳುವುದು ನನ್ನ ಕೆಲಸ. ಎಲ್ಲರೂ ನರ್ಸಮ್ಮ ಎಂದು ಕರೆಯುತ್ತಾರೆ. ಬಾಯಿ ಸ್ವಲ್ಪ ಜೋರು ಎಂದೂ ಹೇಳುತ್ತಾರೆ, ಅದು ಬೆನ್ನ ಹಿಂದೆ. ಇರಲಿ.

ಮೂರು ಮನೆ ದಾಟುವುದರೊಳಗೆ ಒಂದು ಕಡೆಯಾದರೂ ಈ ದೂರು ಕಿವಿಗೆ ಬೀಳುತ್ತದೆ. "ನಮ್ಮತ್ತೆಗೆ ಊಟವೇ ಸೇರಲ್ಲ." "ನಮ್ಮಪ್ಪ ಎರಡು ತುತ್ತು ತಿಂದು ಎದ್ದುಬಿಡ್ತಾರೆ." ಹೇಳಿ ಮುಗಿಸುವಾಗ ಎಲ್ಲರದೂ ಒಂದೇ ರಾಗ: "ವಯಸ್ಸಾಯ್ತಲ್ಲ, ಇನ್ನೇನು ರುಚಿ ಬಿಡಿ." ನಾನೂ ಹಾಗೇ ಅಂದುಕೊಂಡಿದ್ದೆ. ನನಗೆ ಬುದ್ಧಿ ಕಲಿಸಿದ್ದು ಕ್ಯಾಂಟೀನ್ ಅಜ್ಜ.

ಅಜ್ಜ ಮೂವತ್ತೊಂದು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರು. ದಿನಕ್ಕೆ ನಾನೂರು ಜನರ ಊಟ. ಕೆಲಸದಿಂದ ನಿವೃತ್ತರಾದರೂ ಒಲೆಯಿಂದ ನಿವೃತ್ತರಾಗಲಿಲ್ಲ. ಮಗ ಲೇತ್ ಮಷೀನಿನ ಕೆಲಸಗಾರ, ಸೊಸೆ ಮುಂದಿನ ಕೋಣೆಯಲ್ಲೇ ಹೊಲಿಗೆ ಮಷೀನ್ ಹಾಕಿಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಾಳೆ. ಮನೆಯ ಅಡುಗೆಯೆಲ್ಲ ಅಜ್ಜನದೇ. ಅಜ್ಜಿ ತೀರಿಕೊಂಡ ಮೇಲೂ ಆ ಮನೆಯ ಒಲೆ ಒಂದು ಹೊತ್ತೂ ತಣ್ಣಗಾಗಿರಲಿಲ್ಲ.

ಅವರದೊಂದು ಪದ್ಧತಿ. ಅಡುಗೆ ಆಗುವಾಗ ಒಂದು ಹನಿಯನ್ನೂ ನಾಲಿಗೆಗೆ ಹಾಕಿ ನೋಡುವವರಲ್ಲ. ಮುಚ್ಚಳ ತೆಗೆಯುವುದು, ಹಬೆಗೆ ಮೂಗು ಒಡ್ಡುವುದು, ಅಷ್ಟೆ. "ರುಚಿ ನೋಡೋನು ಹೊಸಬ, ಮೂಸಿ ಹೇಳೋನು ಅಡುಗೆಯವನು" ಎಂದು ಅವರ ಕ್ಯಾಂಟೀನಿನ ಹಿರಿಯ ಕಲಿಸಿದ್ದನಂತೆ. ಅಡುಗೆಯವನು ಉಣ್ಣುವುದು ಎಲ್ಲರದೂ ಮುಗಿದ ಮೇಲೆ. ಅದೂ ಅಲ್ಲಿಯದೇ ರೂಢಿ. ಮನೆಯಲ್ಲೂ ಅಜ್ಜ ಮಗ ಸೊಸೆಗೆ ಬಡಿಸಿ, ಪಾತ್ರೆ ಬದಿಗಿಟ್ಟು, ಆಮೇಲೆ ಒಬ್ಬರೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದರು.

ಒಂದು ಸಲ ಅವರ ಬಿಪಿ ಏರಿತ್ತು. ನಾನು ಸೊಸೆಯನ್ನು ಕೇಳಿದಾಗ ಅವಳು ಮೆಲ್ಲಗೆ ಹೇಳಿದಳು, "ಈಚೆಗೆ ಮಾವ ಉಪ್ಪು ಖಾರ ಎರಡೂ ಜಾಸ್ತಿ ಹಾಕ್ತಾರೆ." ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಸೀದಾ ಹೋಗಿ ಅಜ್ಜನ ಮೇಲೆ ಹರಿಹಾಯ್ದೆ. "ಉಪ್ಪು ಅಂದ್ರೆ ನಿಮಗೆ ವಿಷ ಅಂದ್ಕೊಳಿ. ಇಷ್ಟು ವರ್ಷ ಬಾಯಿಚಪಲ ತೀರಿಸ್ಕೊಂಡಿದ್ದು ಸಾಕು."

ಅಜ್ಜ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಂದಿನಿಂದ ತಮ್ಮ ಪಾಲನ್ನು ಬೇರೆಯೇ ಬೇಯಿಸಿಕೊಂಡರು, ಚಿಟಿಕೆ ಉಪ್ಪೂ ಇಲ್ಲದೆ. ಮುಂದಿನ ಸಲ ಬಿಪಿ ಇಳಿದಿತ್ತು. ನಾನು ಬೀಗಿದೆ. ಅಜ್ಜನ ಕೆನ್ನೆಯೂ ಇಳಿದಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಕಣ್ಣಿದ್ದೂ ಕುರುಡು ಎನ್ನುವುದು ಇದಕ್ಕೇ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಮನೆಗೆ ಹೋದರೆ ಬಾಗಿಲಲ್ಲೇ ಮಗ ನಿಂತಿದ್ದ. ಕೈಯಲ್ಲಿ ಗ್ಯಾಸಿನ ರೆಗ್ಯುಲೇಟರ್ ಇತ್ತು. ಅದನ್ನು ಊಟದ ಚೀಲದೊಳಗೆ ತುರುಕುತ್ತಿದ್ದ.

"ಇದೇನಪ್ಪಾ, ರೆಗ್ಯುಲೇಟರ್ ಬುತ್ತಿ ಕಟ್ಕೊಂಡು ಹೊರಟಿದ್ದೀಯ?" ಎಂದೆ.

ಅವನಿಗೆ ನಗು ಬರಲಿಲ್ಲ. "ನಿನ್ನೆ ಗಾಳಿಗೆ ಒಲೆ ಆರಿಹೋಗಿದೆ, ಗ್ಯಾಸ್ ಬರ್ತಾನೇ ಇದೆ. ಅಪ್ಪ ಪಕ್ಕದಲ್ಲೇ ನಿಂತು ಕ್ಯಾರೆಟ್ ಹೆಚ್ಚುತಾ ಇದ್ದಾರೆ. ಇವಳು ಮಷೀನ್ ಬಿಟ್ಟು ಓಡಿಬಂದು ಆಫ್ ಮಾಡಿದ್ಲು. ಇನ್ನು ಸಾಕು. ಮೆಸ್ಸಿಂದ ಊಟ ತರಿಸ್ತೀನಿ. ಅಪ್ಪ ಒಲೆ ಮುಟ್ಟೋದು ಬೇಡ."

"ಮೆಸ್ ಊಟ ಅವರಿಗೆ ಸೇರುತ್ತಾ?"

"ಏನು ಕೊಟ್ರೂ ಅಷ್ಟೇ ನರ್ಸಮ್ಮ. ಈ ವಯಸ್ಸಲ್ಲಿ ನಾಲಿಗೆ ಸತ್ತಿರುತ್ತೆ. ಹೊಟ್ಟೆಗೆ ಬಿದ್ರೆ ಸಾಕು."

ಹೀಗೆಂದು ಅವನು ಕೆಲಸಕ್ಕೆ ಹೋದ. ನಾನು ಒಳಗೆ ಹೋಗಿ ಅಜ್ಜನನ್ನು ತೂಕದ ಮಷೀನ್ ಹತ್ತಿಸಿದೆ. ಐವತ್ತೆರಡು ಕೆ.ಜಿ. ಆರು ತಿಂಗಳ ಹಿಂದೆ ಐವತ್ತೆಂಟಿತ್ತು. ನನ್ನ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇತ್ತು.

ಸೊಸೆ ಬಾಯಿಬಿಟ್ಟಳು. "ಮಾವನ ಪ್ಯಾಂಟಿನ ಸೊಂಟ ಎರಡು ಸಲ ಒಳಗೆ ಹಿಡಿದಿದ್ದೀನಿ ನರ್ಸಮ್ಮ. ಈಗ ಮೂರನೇ ಸಲ ಹಿಡೀಬೇಕು. ಹೀಗೇ ಆದ್ರೆ ಮಾವ ನಮಗೆ ಉಳಿತಾರಾ?" ಎಂದವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಗ್ಯಾಸ್ ಸೋರಿದ್ದು ಪಕ್ಕದಲ್ಲೇ ಇದ್ದ ಅಜ್ಜನಿಗೆ ಗೊತ್ತಾಗಲಿಲ್ಲ. ಉಪ್ಪು ಖಾರ ಹೆಚ್ಚುತ್ತಾ ಹೋಯಿತು. ಇದು ಮೂಗಿನ ತೊಂದರೆ ಎಂದು ಹೊಳೆಯಲು ನನಗೆ ಆರು ತಿಂಗಳು ಬೇಕಾಯಿತು.

ಅಡುಗೆಮನೆಯಿಂದ ನಾಲ್ಕು ಡಬ್ಬಿ ತೆಗೆದುಕೊಂಡೆ. ಒಂದರಲ್ಲಿ ಕಾಫಿಪುಡಿ, ಒಂದರಲ್ಲಿ ಜಜ್ಜಿದ ಬೆಳ್ಳುಳ್ಳಿ, ಒಂದರಲ್ಲಿ ಹೆಚ್ಚಿದ ನಿಂಬೆ, ಇನ್ನೊಂದರಲ್ಲಿ ಬಟ್ಟೆ ಸೋಪಿನ ಚೂರು. ಅಜ್ಜನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದೆ.

"ಇದೇನು ಹೇಳಿ."

"ಕಾಫಿ," ಎಂದರು. ಅದು ಬೆಳ್ಳುಳ್ಳಿ.

"ಇದು?"

"ನಿಂಬೆಹಣ್ಣು ಅಲ್ವಾ?" ಅದು ಸೋಪು.

ಮೂರನೆಯದನ್ನು ಹಿಡಿಯುತ್ತಲೇ ಅಜ್ಜ ಕಣ್ಣು ತೆರೆದು ಕೈ ಅಡ್ಡ ಹಿಡಿದರು. "ಬಿಡು ತಾಯಿ. ನಂಗೆ ಗೊತ್ತಿತ್ತು. ಒಂದು ವರ್ಷದಿಂದ ಒಂದೊಂದೇ ವಾಸನೆ ಹೋಗ್ತಾ ಬಂತು. ಮೊದ್ಲು ದಿನಸಿ ಅಂಗಡಿಯವನ ಜೊತೆ ಜಗಳ ಆಡ್ದೆ, ಕಳಪೆ ಮಾಲು ಕೊಡ್ತೀಯ ಅಂತ. ಆಮೇಲೆ ತರಕಾರಿಯವಳನ್ನ ಬೈದೆ. ಕೊನೆಗೆ ಅರ್ಥ ಆಯ್ತು, ಮಾಲು ಸರಿ ಇದೆ, ನನ್ನ ಮೂಗೇ ಕೈಕೊಟ್ಟಿದೆ ಅಂತ."

"ಯಾರಿಗಾದ್ರೂ ಹೇಳಬಾರ್ದಿತ್ತಾ ಮಾವ?" ಸೊಸೆ ಕೇಳಿದಳು.

"ಏನಂತ ಹೇಳ್ಲಿ? ಮೂಗಿಲ್ಲದ ಅಡುಗೆಯವನನ್ನ ಯಾರಮ್ಮ ಒಲೆ ಮುಂದೆ ನಿಲ್ಲಿಸ್ತಾರೆ? ಹಬೆ ಬರುತ್ತೆ, ವಾಸನೆ ಇಲ್ಲ. ಭಯ ಆಗೋದು. ಸಪ್ಪೆ ಆಯ್ತೇನೋ ಅಂತ ಇನ್ನಷ್ಟು ಉಪ್ಪು ಹಾಕ್ತಿದ್ದೆ. ನಿನ್ನ ಕೇಳಿದ್ರೆ ನೀನು ದಿನಾ ಚೆನ್ನಾಗಿದೆ ಅಂತಿದ್ದೆ."

ಸೊಸೆ ತಲೆ ತಗ್ಗಿಸಿದಳು. ಹಿರಿಯರಿಗೆ ನೋವಾಗಬಾರದೆಂದು ಅವಳು ತಟ್ಟೆಗೆ ಬಿಸಿನೀರು ಬೆರೆಸಿಕೊಂಡು ಉಣ್ಣುತ್ತಿದ್ದಳಂತೆ.

ನಾನೂ ತಪ್ಪೊಪ್ಪಿಕೊಂಡೆ. "ಅಜ್ಜ, ಬೈದಿದ್ದು ನನ್ನ ತಪ್ಪು. ಮೂಗಿಲ್ಲ, ಮೇಲೆ ಉಪ್ಪೂ ಇಲ್ಲ ಅಂದ್ರೆ ನೀವು ತಿಂದಿದ್ದಾದ್ರೂ ಏನನ್ನ?"

"ಒದ್ದೆ ರಟ್ಟನ್ನ," ಎಂದರು ಅಜ್ಜ. ಆ ಸ್ಥಿತಿಯಲ್ಲೂ ಅವರು ತಮಾಷೆ ಬಿಟ್ಟಿರಲಿಲ್ಲ.

ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮಗನೂ ಅರ್ಧ ದಿನ ರಜೆ ಹಾಕಿ ಬಂದ. ಡಾಕ್ಟರು ಮೂಗು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದರು. ಕಟ್ಟಿಸಿದ ಹಲ್ಲು ಸಡಿಲವಾಗಿದ್ದನ್ನೂ ಹಿಡಿದು, ಹಲ್ಲಿನ ಡಾಕ್ಟರಿಗೆ ಚೀಟಿ ಬರೆದರು. ಕೊನೆಗೆ ಮಗನ ಕಡೆ ತಿರುಗಿ ಹೇಳಿದರು:

"ವಯಸ್ಸಾದ ಮೇಲೆ ತುಂಬಾ ಜನರಿಗೆ ವಾಸನೆ ಕಮ್ಮಿ ಗೊತ್ತಾಗುತ್ತೆ, ಅದರ ಜೊತೆ ಊಟದ ಸ್ವಾದವೂ ಹೋಗುತ್ತೆ. ಕೆಲವರಿಗೆ ಮಾತ್ರೆಯಿಂದ, ಕೆಲವರಿಗೆ ಮೂಗಿನ ತೊಂದರೆಯಿಂದ. ಅದಕ್ಕೇ ತೋರಿಸಬೇಕು. ನಿಮ್ಮ ತಂದೆಯದು ವಯಸ್ಸಿನದೇ ಅನ್ನಿಸುತ್ತೆ, ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಆದ್ರೆ ಹೋಗಿರೋದು ಮೂಗು, ನಾಲಿಗೆ ಅಲ್ಲ. ಹುಳಿ ಗೊತ್ತಾಗುತ್ತೆ, ಸಿಹಿ ಗೊತ್ತಾಗುತ್ತೆ. ಬಿಸಿ, ಗರಿಗರಿ, ಮೆಣಸಿನ ಚುರುಕು ಎಲ್ಲ ಗೊತ್ತಾಗುತ್ತೆ. ಅದನ್ನ ಹಿಡ್ಕೊಂಡು ಅಡುಗೆ ಮಾಡಿ. ಉಪ್ಪು ಹೆಚ್ಚಿಸೋದು ಬೇಡ, ಪೂರ್ತಿ ಬಿಡೋದೂ ಬೇಡ. ಎಷ್ಟು ಅಂತ ಬರೆದುಕೊಡ್ತೀನಿ."

ಮನೆ ಬಾಗಿಲಿಗೆ ಬಂದಾಗ ನಾನೇ ಮಗನ ಮುಂದೆ ಕೈ ಚಾಚಿದೆ. "ರೆಗ್ಯುಲೇಟರ್ ಕೊಡಪ್ಪಾ."

"ಹೆಂಗೆ ಕೊಡ್ಲಿ? ನಾಳೆ ಏನಾದ್ರೂ ಆದ್ರೆ?"

"ಭಯ ಇರಬೇಕಾದ್ದೇ. ಅದಕ್ಕೊಂದು ದಾರಿ ಮಾಡೋಣ. ಒಲೆ ಹತ್ತಿರ ಅಜ್ಜ ಒಬ್ರೇ ಇರಬಾರದು, ಮನೇಲಿ ಇನ್ನೊಬ್ರು ಇರ್ಬೇಕು. ಕಿಟಕಿ ತೆಗೆದಿರ್ಬೇಕು. ಉರಿಯನ್ನ ಕಣ್ಣಲ್ಲಿ ನೋಡ್ತಿರ್ಬೇಕು. ಗ್ಯಾಸ್ ಸೋರಿದ್ರೆ ಕೂಗೋ ಪೆಟ್ಟಿಗೆ ಸಿಗುತ್ತೆ, ತಂದು ಹಾಕು."

"ಅಷ್ಟೆಲ್ಲ ಯಾಕೆ? ಊಟ ಬರ್ತಾ ಇದೆಯಲ್ಲ."

ಆಗ ಅಜ್ಜ ಬಾಯಿ ತೆರೆದರು. ಮೆಲ್ಲಗೆ, ಮಗನ ಮುಖ ನೋಡದೆ. "ಊಟ ಬರುತ್ತೆ ಕಣೋ. ನಂಗೆ ಹಸಿವೇ ಬರಲ್ಲ. ಬೆಳಿಗ್ಗೆ ಎದ್ದು ಇವತ್ತೇನು ಹೆಚ್ಚಲಿ, ಏನು ಬೇಯಿಸ್ಲಿ ಅಂತ ಯೋಚನೆ ಬಂದ್ರೆ ಹೊಟ್ಟೇಲಿ ಹಸಿವು ಏಳೋದು. ಈಗ ಅದು ಯಾತಕ್ಕೆ ಏಳ್ಲಿ?"

ಮಗ ಚೀಲದಿಂದ ರೆಗ್ಯುಲೇಟರ್ ತೆಗೆದು ಹೆಂಡತಿಯ ಕೈಗಿಟ್ಟ. ಸಂಜೆ ಆ ಪೆಟ್ಟಿಗೆ ತಂದು, ಸಿಲಿಂಡರ್ ಗ್ಯಾಸ್ ಭಾರ, ಕೆಳಗಿಳಿಯುತ್ತದೆಂದು ನೆಲದ ಹತ್ತಿರವೇ ಗೋಡೆಗೆ ಮೊಳೆ ಹೊಡೆದು ಕೂರಿಸಿದ. ಕೆಲಸಗಾರನ ಕೈ, ಒಂದು ಕೂದಲೆಳೆಯೂ ಓರೆಯಾಗಲಿಲ್ಲ.

ಮೊದಲ ದಿನ ಸೊಸೆ ರುಚಿ ನೋಡಿ ಹಳೇ ಚಾಳಿಯಂತೆ "ಚೆನ್ನಾಗಿದೆ ಮಾವ" ಎಂದಳು. ಅಜ್ಜ ಸೌಟು ಕೆಳಗಿಟ್ಟರು. "ನೋಡಮ್ಮ, ನಾನು ಬಟ್ಟೆ ಬಿಗಿ ಆದ್ರೂ ಚೆನ್ನಾಗಿದೆ ಅಂದ್ರೆ ನಿಂಗೆ ಹೊಲಿಗೆ ಬರುತ್ತಾ? ನಿಜ ಹೇಳು. ನಿನ್ನ ನಾಲಿಗೇನೇ ಈಗ ನಂಗೆ ಮೂಗು."

ಅವಳು ಮತ್ತೊಂದು ಚಮಚ ಬಾಯಿಗಿಟ್ಟುಕೊಂಡು, ಧೈರ್ಯ ಮಾಡಿ ಹೇಳಿದಳು. "ಉಪ್ಪು ಸರಿಯಾಗಿದೆ. ಹುಳಿ ಸಾಲದು. ಆಲೂಗಡ್ಡೆ ಬೆಂದು ಮುದ್ದೆ ಆಗಿದೆ."

"ಮುದ್ದೆ ಆಗಿದ್ಯಾ? ಅಯ್ಯೋ ಶಿವನೇ," ಎಂದು ಅಜ್ಜ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಕ್ಯಾಂಟೀನ್ ಅಜ್ಜ ಸುಮ್ಮನೆ ಕೂರುವ ಆಸಾಮಿಯಲ್ಲ. ಎಪ್ಪತ್ತಮೂರನೇ ವಯಸ್ಸಿನಲ್ಲಿ ಅಡುಗೆಯನ್ನು ಅ ಆ ಇ ಈಯಿಂದ ಕಲಿಯತೊಡಗಿದರು. ಬೇಳೆಗೆ ನಿಂಬೆ ಹಿಂಡಿದರು. ಬೇಯಿಸಿದ ಎಲೆಕೋಸಿನ ಮೇಲೆ ಹುರಿದ ಶೇಂಗಾ ಜಜ್ಜಿ ಉದುರಿಸಿದರು. ಮೊಟ್ಟೆಗೆ ಕಾಳುಮೆಣಸು, ಮೊಸರಿಗೆ ಶುಂಠಿ. ಒಂದು ದಿನ ಶುಂಠಿ ಎಷ್ಟು ಬಿತ್ತೆಂದರೆ ಮಗನ ಕಣ್ಣಲ್ಲಿ ನೀರು ಬಂತಂತೆ. ಅದು ಬೇರೆ ಮಾತು. ಕ್ಯಾರೆಟ್ಟನ್ನು ಹಲ್ಲಿಗೆ ಮೆತ್ತಗೆ, ಕಣ್ಣಿಗೆ ಕೆಂಪಗೆ ಇರುವಂತೆ ಬೇಯಿಸುವುದು ಹೇಗೆಂದು ಈಗ ನನಗೇ ಪಾಠ ಹೇಳುತ್ತಾರೆ. ತಣ್ಣಗಾದದ್ದನ್ನು ಉಣ್ಣುವುದಿಲ್ಲ. ಎರಡು ದೊಡ್ಡ ಊಟದ ಬದಲು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ.

ಒಂದನ್ನು ಮಾತ್ರ ಬಿಡಿಸುವುದು ಕಷ್ಟವಾಯಿತು. ಎಲ್ಲರದೂ ಆದ ಮೇಲೆ ಉಣ್ಣುವ ಆ ರೂಢಿ. "ಬಡಿಸೋನು ಕೂತ್ರೆ ಚೆಂದವಾ?" ಎನ್ನುತ್ತಿದ್ದರು. ಸೊಸೆ ಹಟ ಹಿಡಿದಳು. "ನೀವು ಕೂರೋವರೆಗೂ ನಾವು ಕೈ ಹಾಕಲ್ಲ ಮಾವ." ಎರಡು ದಿನ ಮೂರು ತಟ್ಟೆಯೂ ಕಾದವು. ಮೂರನೇ ದಿನ ಅಜ್ಜ ಸೋತು ಸ್ಟೂಲನ್ನು ಎಳೆದುಕೊಂಡು ಬಂದು ಮೇಜಿನ ಹತ್ತಿರ ಕೂತರು.

ಎರಡು ತಿಂಗಳಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ಹೋದೆ. ಅವತ್ತು ವಾರದ ರಜೆ, ಮೂವರೂ ಉಣ್ಣುತ್ತಿದ್ದರು. ನನಗೂ ಒಂದು ತಟ್ಟೆ ಬಂತು, ಬೇಡ ಎಂದರೆ ಬಿಡುವವರ್ಯಾರು. ತೂಕ ಐವತ್ತೈದಾಗಿತ್ತು. ಬಿಪಿ ಹದದಲ್ಲಿತ್ತು.

"ಈಗ ಊಟ ಸೇರುತ್ತಾ ಅಜ್ಜ?" ಎಂದೆ.

"ವಾಸನೆ ಇಲ್ಲ ನರ್ಸಮ್ಮ, ಸುಳ್ಳು ಯಾಕೆ ಹೇಳ್ಲಿ. ಮೊದಲಿನ ರುಚಿ ಅಲ್ಲ ಇದು, ಬೇರೆ ರುಚಿ. ಆದ್ರೂ ತಿನ್ನೋಕೆ ಖುಷಿ ಆಗುತ್ತೆ."

ನಾಲಿಗೆ ಸತ್ತಿರುತ್ತೆ ಎಂದಿದ್ದ ಮಗ ತಟ್ಟೆ ಬಳಿದು ನಾಲಿಗೆಗೆ ಹಚ್ಚುತ್ತಿದ್ದ. ತಲೆ ಎತ್ತದೆಯೇ ಕೇಳಿದ, "ಅಪ್ಪ, ನಾಳೆ ಏನು ಮಾಡ್ತೀಯ?"

ಅಜ್ಜನ ಕಣ್ಣು ತುಂಬಿಬಂತು. "ಬೀನ್ಸ್ ಚೆನ್ನಾಗಿರೋದು ಸಿಕ್ಕಿದ್ರೆ ಬೀನ್ಸ್," ಎಂದರು.

ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರು ತಟ್ಟೆ ದೂರ ತಳ್ಳಿದರೆ ವಯಸ್ಸಾಯಿತೆಂದು ಕೈತೊಳೆದುಕೊಳ್ಳಬೇಡಿ. ಹಟ ಎಂದು ಗದರಬೇಡಿ, ನಾನು ಗದರಿ ಕೆಟ್ಟೆ. ಮೂಗೋ, ಹಲ್ಲೋ, ಮಾತ್ರೆಯೋ, ಒಬ್ಬರೇ ಕೂತು ಉಣ್ಣುವ ಬೇಸರವೋ, ಕೇಳಿ ತಿಳಿದುಕೊಳ್ಳಿ. ಬಟ್ಟೆ ಸಡಿಲವಾಗುತ್ತಿದ್ದರೆ, ವಾಸನೆ ಗೊತ್ತಾಗದಿದ್ದರೆ ಡಾಕ್ಟರಿಗೆ ತೋರಿಸಿ. ನುಂಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕೈಲಾಗುವವರ ಕೈಯಿಂದ ಸೌಟು ಕಿತ್ತುಕೊಳ್ಳಬೇಡಿ, ಜೊತೆಗೆ ನಿಲ್ಲಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ಊಟ ಸೇರದಿದ್ದರೆ ಮುಚ್ಚಿಡಬೇಡಿ. ಅದು ನಾಚಿಕೆಪಡುವ ವಿಷಯವಲ್ಲ.

"ಊಟ ಆಯ್ತಾ?" ಎಂದು ನಾವು ದಾರಿಯಲ್ಲಿ ಹೋಗುವವರನ್ನೂ ಕೇಳುತ್ತೇವೆ. ಇವತ್ತು ಮನೆಗೆ ಹೋಗಿ ಹಿರಿಯರ ಪಕ್ಕದಲ್ಲಿ ಕೂತು, ಊಟ ಹೇಗಿತ್ತು ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೂ ಏಳಬೇಡಿ.