ಎಡಗಡೆಯ ಬೋಲ್ಟು

ತಲೆಯ ಮೇಲೆ ಒಂದೆಳೆ ಕೂದಲಿಲ್ಲ, ಆದರೂ ಎಲ್ಲರ ಬಾಯಲ್ಲಿ ಅವನು ಕೂದಲೆಳೆ ಮೇಸ್ತ್ರಿ. ಲೇತಿನ ಮುಂದೆ ನಿಂತರೆ ಅವನದು ಒಂದೇ ಮಾತು: "ಇನ್ನೊಂದು ಕೂದಲೆಳೆ ತೆಗೀಬೇಕು." ಅಷ್ಟು ಸಣ್ಣದನ್ನು ಅಳೆಯುವ ಮನುಷ್ಯ ಒಂದು ಶುಕ್ರವಾರ ಗಡಿಯಾರ ನೋಡುವುದನ್ನು ಮರೆತ. ಮುಂದೆ ಆದದ್ದೆಲ್ಲ ಆ ಮರೆವಿನಿಂದಲೇ.

ಅವನ ವರ್ಕ್‌ಶಾಪಿನಲ್ಲಿ ಬ್ರಿಟನ್ನಿನ ಹಳೆಯ ಟ್ರಯಲ್ಸ್ ಬೈಕೊಂದಿತ್ತು. ಒಂದೇ ಸಿಲಿಂಡರಿನ ಫೋರ್-ಸ್ಟ್ರೋಕ್ ಇಂಜಿನ್ನು, ವಯಸ್ಸಿನಲ್ಲಿ ಮೇಸ್ತ್ರಿಗಿಂತ ಒಂದೇ ವರ್ಷ ಚಿಕ್ಕದು. ಗುಜರಿ ಅಂಗಡಿಯಿಂದ ಮೂರು ಗೋಣಿಚೀಲಗಳಲ್ಲಿ ಬಂದಿದ್ದ ಅದಕ್ಕೆ ಜೀವ ಕೊಡಲು ಅವನಿಗೂ ಅವನ ತಂಗಿಯ ಮಗಳಿಗೂ ಎರಡು ವರ್ಷ ಹಿಡಿಯಿತು. ಅವಳು ಸಿಟಿ ಬಸ್ಸಿನ ಡ್ರೈವರು. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು, ಸ್ಟೂಲೆಳೆದು ಕೂತು, ಟ್ಯಾಂಕಿನ ತುಕ್ಕು ಉಜ್ಜುತ್ತಿದ್ದಳು. ಮೇಸ್ತ್ರಿಗೆ ಮಕ್ಕಳಿಲ್ಲ. ಅವಳಿದ್ದಳು, ಸಾಕಿತ್ತು.

ಟ್ರಯಲ್ಸ್ ಎಂದರೆ ವೇಗದ ಆಟವೆಂದು ತಿಳಿದವರು ಒಮ್ಮೆ ನೋಡಿ ಆಕಳಿಸಿ ಮನೆಗೆ ಹೋಗುತ್ತಾರೆ. ಬಂಡೆ, ಬೇರು, ಕೆಸರುಗಳ ಮೇಲೆ ಗಾಡಿಯನ್ನು ಆಮೆಯ ಹಾಗೆ ಹತ್ತಿಸಬೇಕು. ಸೀಟಿನಲ್ಲಿ ಕೂತರೆ ಕೆಟ್ಟಂತೆ. ಇಡೀ ಮೈಭಾರ ಎರಡು ಫುಟ್‌ರೆಸ್ಟುಗಳ ಮೇಲೆ. ಕಾಲು ನೆಲಕ್ಕೆ ತಾಗಿದರೆ ಒಂದು ಅಂಕ, ಗಾಡಿ ನಿಂತರೆ ಅಥವಾ ಹೊರಗಿನವರು ಮುಟ್ಟಿದರೆ ಐದು. ಈ ಆಟದಲ್ಲಿ ಅಂಕ ಶಾಪವಿದ್ದ ಹಾಗೆ. ಕಡಿಮೆ ಇದ್ದವರು ಗೆದ್ದರು.

ಆ ಫುಟ್‌ರೆಸ್ಟುಗಳನ್ನು ಚಾಸಿಗೆ ಬಿಗಿಯುವ ಎರಡು ಬೋಲ್ಟುಗಳನ್ನು ಮೇಸ್ತ್ರಿ ಲಾರಿ ಆಕ್ಸಲಿನ ಉಕ್ಕಿನಿಂದ ತಾನೇ ಕಡೆದಿದ್ದ. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ್ದ. ಎಣ್ಣೆ ಕುಡಿದು ಅವು ಕಪ್ಪಗಾಗಿದ್ದವು.

"ಕಪ್ಪಗೇ ಇರಲಿ ಬಿಡು ಮಾವ. ಕೆಸರಲ್ಲಿ ಯಾರು ನೋಡ್ತಾರೆ?" ಎಂದಿದ್ದಳು ಅವಳು.

"ಎಲ್ಲರೂ ನೋಡ್ತಾರೆ. ಇಷ್ಟೆಲ್ಲ ಮಾಡಿ, ಮೂಗಿನ ಹತ್ತಿರ ಮಸಿ ಬಿಟ್ಟು ಕಳಿಸೋಕಾಗುತ್ತಾ?"

ಶುಕ್ರವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವನ್ನು ಹೊಳಪಿನ ಲೇಪಕ್ಕೆಂದು ಪ್ಲೇಟಿಂಗ್‌ನವನಿಗೆ ಕೊಟ್ಟ. ಶನಿವಾರ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಇಸಕೊಂಡು ಬಂದ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಎಡದ್ದು ಬಲದ್ದು ಅದಲುಬದಲಾಗದಿರಲೆಂದು ಎಡದ್ದರ ತಲೆಗೆ ಅರದಿಂದ ಒಂದು ಗೀರು ಹಾಕಿ ಬಿಗಿದ. ಭಾನುವಾರ ಬೆಳಗ್ಗೆ, ಬೈಕು ಓಡಿಸಲಿದ್ದ ಸೊಸೆಯೊಡನೆ ಸ್ಪರ್ಧೆಗೆ ಹೊರಟಾಗ, ಅವನ ತಂಗಿ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಹೇಗೆ ಕರ್ಕೊಂಡು ಹೋಗ್ತಿದ್ದೀಯೋ ಹಾಗೇ ವಾಪಸ್ ತಂದುಬಿಡು, ಅಣ್ಣ."

ಕ್ಲಬ್ಬು ಚಿಕ್ಕದು. ಅಂಕ ಬರೆಯುವವರೆಲ್ಲ ಯಾರಿಗಾದರೂ ನೆಂಟರೇ. ಮೇಸ್ತ್ರಿ ಹೆತ್ತಪ್ಪನಿಗೂ ಅರ್ಧ ಅಂಕ ಬಿಡುವವನಲ್ಲ ಎಂದು ಗೊತ್ತಿದ್ದರಿಂದ ಅವನನ್ನು ಎಲ್ಲಕ್ಕಿಂತ ಕಷ್ಟದ ಎಂಟನೇ ಸೆಕ್ಷನ್ನಿಗೆ, ಅಂದರೆ ಹಗ್ಗ ಕಟ್ಟಿದ ದಾರಿಯ ಎಂಟನೇ ತುಂಡಿಗೆ, ಹಾಕಿದ್ದರು. ಕಲ್ಲಿನ ಮೂರು ಮೆಟ್ಟಿಲು, ಮೇಲೆ ಎಡಕ್ಕೊಂದು ತಿರುವು. ತಿರುವಿನ ಅಂಚಿಗೆ ಹಳೆಯ ಕಲ್ಲುಕ್ವಾರಿ, ಎರಡಾಳು ಆಳ, ತಳದಲ್ಲಿ ಒಡೆದ ಚಪ್ಪಡಿಗಳು. ತಿರುಗುವಾಗ ಭಾರವೆಲ್ಲ ಎಡಗಾಲಿನ ಮೇಲೆ.

ಏಳು ಸೆಕ್ಷನ್ ಮುಗಿದಾಗ ಅವಳದು ಒಂದೇ ಅಂಕ. ಮೂರು ವರ್ಷದಿಂದ ಕಪ್ ಒಯ್ಯುತ್ತಿದ್ದ ಹಲ್ಲಿನ ಡಾಕ್ಟರಿಗೆ ನಾಲ್ಕು. ಸುದ್ದಿ ತಂದವನು ಪ್ಲೇಟಿಂಗ್‌ನವನೇ. ಮೇಸ್ತ್ರಿಯ ಪಕ್ಕದ ಕಲ್ಲಿನ ಮೇಲೆ ಕೂತು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ.

"ನಿಮ್ಮ ಬೋಲ್ಟ್ ದೂರದಿಂದಲೇ ಹೊಳೀತಿದೆ, ಮೇಸ್ತ್ರಿ. ನೀವು ಅವಸರ ಮಾಡಿದ್ದಕ್ಕೆ ಒವೆನ್ನಿಗೆ ಹಾಕೋಕೆ ಟೈಮೇ ಸಿಗಲಿಲ್ಲ. ಆದ್ರೂ ಹೊಳಪಲ್ಲಿ ಏನಾದ್ರೂ ಕಮ್ಮಿ ಇದೆಯಾ?"

ಮೇಸ್ತ್ರಿ ಬಿಸ್ಕತ್ತಿಗೆ ಚಾಚಿದ ಕೈ ಹಿಂದಕ್ಕೆ ತೆಗೆದ. ಗಟ್ಟಿ ಮಾಡಿದ ಉಕ್ಕನ್ನು ಆಸಿಡ್ಡಿನಲ್ಲಿ ತೊಳೆದು ಪ್ಲೇಟಿಂಗ್ ಮಾಡಿದರೆ ಅದರೊಳಗೆ ಗ್ಯಾಸು ಸೇರಿಕೊಳ್ಳುತ್ತದೆ. ಕೂಡಲೇ ನಾಲ್ಕು ಗಂಟೆ ಒವೆನ್ನಿನಲ್ಲಿಟ್ಟು ಅದನ್ನು ಹೊರಗೆ ಹಾಕಬೇಕು. ಇಲ್ಲದಿದ್ದರೆ ಮೇಲೆ ಥಳುಕು, ಒಳಗೆ ಹುಳುಕು. ಬಿಗಿದಿಟ್ಟ ಬೋಲ್ಟು ಗಾಜಿನಂತೆ ಮುರಿಯುತ್ತದೆ. ಇವತ್ತೋ, ವಾರ ಬಿಟ್ಟೋ, ಎಂದೂ ಇಲ್ಲವೋ, ಹೇಳುವಂತಿಲ್ಲ. ಇದನ್ನು ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವನು ಅವನೇ. ಅಂಗಡಿ ಮುಚ್ಚುವಾಗ ಕೊಟ್ಟು ತೆರೆಯುವಾಗಲೇ ತಂದರೆ ಆ ನಾಲ್ಕು ಗಂಟೆ ಎಲ್ಲಿಂದ ಬರಬೇಕಿತ್ತು? ಕೇಳಬೇಕಿತ್ತು. ಕೇಳಿರಲಿಲ್ಲ. ಹೊಳಪು ಕಂಡು ಮರುಳಾಗಿದ್ದ.

ಅಷ್ಟರಲ್ಲಿ ಕೆಳಗಿನಿಂದ ಆ ಇಂಜಿನ್ನಿನ ಸದ್ದು ಬಂತು. ದಬ್, ದಬ್, ದಬ್. ಅವಸರವೇ ಇಲ್ಲದ ಸದ್ದು. ಅದನ್ನು ಹಾಗೆ ಟ್ಯೂನ್ ಮಾಡಲು ಅವನಿಗೆ ಎರಡು ತಿಂಗಳು ಬೇಕಾಗಿತ್ತು.

ಅವಳು ಆರಂಭದ ಗೆರೆಯಲ್ಲಿ ನಿಂತು ಅವನತ್ತ ನೋಡಿದಳು. ಅಂಕ ಬರೆಯುವವನು ಕೈ ಎತ್ತಿದ ಮೇಲೆಯೇ ಸೆಕ್ಷನ್ನಿಗೆ ಇಳಿಯಬೇಕು. ಬಾಯಿ ಬಿಟ್ಟರೆ ಬಣ್ಣಗೇಡು, ಇಷ್ಟು ಜನರ ಮುಂದೆ. ಏಳು ಸೆಕ್ಷನ್ ತಡೆದ ಬೋಲ್ಟು ಇನ್ನು ಎರಡು ನಿಮಿಷ ತಡೆಯದೇ? ಅವಳ ಗೆಲುವನ್ನು ಒಂದು ಅನುಮಾನಕ್ಕೆ ಬಲಿ ಕೊಡುವುದೇ? ಹೀಗೆ ಯೋಚಿಸುತ್ತಲೇ ಇದ್ದ. ಇಡೀ ಬೆಳಗ್ಗೆ ನಲವತ್ತು ಸಲ ಎತ್ತಿದ ಕೈ, ರೂಢಿಯಿಂದ, ತಾನಾಗಿ ಮೇಲೆದ್ದಿತು.

ಅವಳು ಹೊರಟಳು.

ಮೊದಲ ಮೆಟ್ಟಿಲನ್ನು ಬೈಕು ಸಲೀಸಾಗಿ ಹತ್ತಿತು. ಅವಳು ಮೊಣಕಾಲು ಬಗ್ಗಿಸಿ ಫುಟ್‌ರೆಸ್ಟನ್ನು ಒತ್ತಿದ್ದು ಅವನಿಗೆ ತನ್ನ ಎದೆಯನ್ನೇ ಒತ್ತಿದ ಹಾಗಾಯಿತು. ಎರಡನೇ ಮೆಟ್ಟಿಲು. ಮೇಸ್ತ್ರಿ ಅಂಕ ಬರೆಯುವ ಹಲಗೆ ಬಿಸಾಡಿದ. ಸವೆದ ಮೊಣಕಾಲುಗಳನ್ನು ಲೆಕ್ಕಿಸದೆ ಹಗ್ಗ ದಾಟಿ, ಕಲ್ಲಿನ ಮೇಲೆ ಜಾರಿ, ಎದ್ದು, ಓಡಿದ. ಮುಂದಿನ ಚಕ್ರ ಮೂರನೇ ಮೆಟ್ಟಿಲಿಗೆ ತಾಗುವ ಹೊತ್ತಿಗೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಜೋತುಬಿದ್ದ. ಇಂಜಿನ್ನು ಒಮ್ಮೆ ಕೆಮ್ಮಿ ನಿಂತಿತು.

"ಮಾವ! ತಲೆ ಕೆಟ್ಟಿದೆಯಾ ನಿಂಗೆ?"

"ಇಳಿ. ಮೊದಲು ಇಳಿ. ಬೋಲ್ಟ್ ಸರಿಯಿಲ್ಲ. ತಪ್ಪು ನಂದು, ಇಳಿಯಮ್ಮ."

ಜನ ಸೇರಿದರು. ಮೇಸ್ತ್ರಿ ಅಲ್ಲೇ ಎರಡೂ ಬೋಲ್ಟು ಬಿಚ್ಚಿದ. "ತೋರ್ಸಿ ನೋಡೋಣ," ಎಂದ ಹಲ್ಲಿನ ಡಾಕ್ಟರು. ಎಡದ್ದನ್ನು ಇಸಕೊಂಡು ಬಂಡೆಯ ಮೇಲಿಟ್ಟು, ಯಾರದೋ ಸುತ್ತಿಗೆಯಿಂದ ಒಂದು, ಎರಡು, ಮೂರು ಏಟು ಹಾಕಿದ. ಬಂಡೆಯ ಚಕ್ಕೆ ಎದ್ದಿತು. ಬೋಲ್ಟಿಗೆ ಏನೂ ಆಗಲಿಲ್ಲ.

"ಮೇಸ್ತ್ರಿ, ಇಂಥ ಕೆಟ್ಟ ಬೋಲ್ಟು ನನಗೂ ಒಂದು ಡಜನ್ ಮಾಡಿಕೊಡಿ!"

ಎಲ್ಲರೂ ನಕ್ಕರು. ಈ ರೋಗ ಏಟಿಗೆ ಬಯಲಾಗುವಂಥದಲ್ಲ, ಬಿಗಿತಕ್ಕೆ ಮುರಿಯುವಂಥದು ಎಂದು ಅವನು ಹೇಳಲು ಹೋದ. ಯಾರ ಕಿವಿಗೂ ಬೀಳಲಿಲ್ಲ. ಅವಳೊಬ್ಬಳೇ ನಗಲಿಲ್ಲ. ಕೆಸರಿನಲ್ಲಿ ಬಿದ್ದಿದ್ದ ಹಲಗೆಯನ್ನು ಎತ್ತಿ, ಒರೆಸಿ ಅವನ ಕೈಗೆ ಕೊಟ್ಟಳು.

"ಬರೀರಿ," ಎಂದಳು. ಹುಟ್ಟಿದಾಗಿನಿಂದ ಅವನನ್ನು ಬಹುವಚನದಲ್ಲಿ ಕರೆದವಳಲ್ಲ. ಅವನು ಅವಳ ಸಾಲಿನಲ್ಲಿ ಐದು ಎಂದು ಬರೆದ. ಬೋಲ್ಟಿಲ್ಲದ ಬೈಕು ಅಲ್ಲಿಗೇ ಸ್ಪರ್ಧೆಯಿಂದ ಹೊರಗಾಯಿತು. ಕಪ್ ನಾಲ್ಕನೇ ವರ್ಷವೂ ಡಾಕ್ಟರ ಮನೆಗೆ ಹೋಯಿತು.

ಆ ಸಂಜೆ ಮೇಸ್ತ್ರಿ ಎರಡೂ ಬೋಲ್ಟುಗಳನ್ನು ಒಂದು ದಪ್ಪ ಕಬ್ಬಿಣದ ಗಟ್ಟಿಯೊಳಗೆ ತೂರಿಸಿ, ಉದ್ದನೆಯ ಸ್ಪ್ಯಾನರಿನಿಂದ ನಟ್ಟು ಬಿಗಿದು ಬೆಂಚಿನ ಮೇಲಿಟ್ಟ. ಸೋಮವಾರ ಇಡೀ ದಿನ ಕೆಲಸದ ನಡುವೆ ಅದರತ್ತ ಕಣ್ಣು ಹಾಕಿದ. ಏನೂ ಆಗಲಿಲ್ಲ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅವನಿಗೆ ತನ್ನ ಮೇಲೇ ನಂಬಿಕೆ ಹೋಯಿತು. ಬೋಲ್ಟು ಮುರಿಯಲಿ ಎಂದು ದೇವರನ್ನು ಬೇಡಿಕೊಂಡ. ಹಾಗೆ ಬೇಡಿಕೊಂಡದ್ದಕ್ಕೆ ನಾಚಿದ.

ಡ್ಯೂಟಿ ಮುಗಿಸಿ ಅವಳು ಬಂದಳು. ಸ್ಟೂಲಿನ ಹತ್ತಿರ ಸುಳಿಯಲಿಲ್ಲ. ಅವನು ಕೊಡಿಸಿದ್ದ ಕೈಗವಸುಗಳನ್ನು ಬೆಂಚಿನ ಮೇಲಿಟ್ಟಳು.

"ಇವು ನಿಮ್ಮ ಹತ್ರಾನೇ ಇರಲಿ. ಡಿಪೋದಲ್ಲೆಲ್ಲ ಇದೇ ಮಾತು, ಮಾವನೇ ಸೊಸೆಗೆ ಐದು ಕೊಟ್ಟ ಅಂತ. ನಗಲಿ, ಅದಕ್ಕಲ್ಲ. ನನ್ನ ಮೇಲೆ ನಿಮಗೆ ಭರವಸೆ ಇರಲಿಲ್ಲ ನೋಡಿ, ಅದು. ಬೀಳ್ತೀನಿ ಅಂತಲೇ..."

ಟಿಣ್.

ಯಾರೂ ಏನನ್ನೂ ಮುಟ್ಟಿರಲಿಲ್ಲ. ಒಂದು ಬೋಲ್ಟಿನ ತಲೆ ಹಾರಿ, ಗ್ರೀಸಿನ ಡಬ್ಬಕ್ಕೆ ಬಡಿದು, ನೆಲದಲ್ಲಿ ಉರುಳಿ ಅವಳ ಬೂಟಿನ ಪಕ್ಕ ನಿಂತಿತು.

ಅವಳು ಬಗ್ಗಿ ಎತ್ತಿಕೊಂಡಳು. ಮುರಿದ ಮೈ ಸಕ್ಕರೆಯ ಹರಳಿನ ಹಾಗೆ ಮಿನುಗುತ್ತಿತ್ತು. ತಿರುಗಿಸಿದಳು. ಮೇಲ್ಗಡೆ ಅರದ ಗೀರು ಕಂಡಿತು.

"ಎಡಗಡೇದು," ಎಂದಳು.

"ಹೂಂ."

ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. ಆಮೇಲೆ ಖಾಕಿ ಜೇಬಿಗೆ ಹಾಕಿ, ಗುಂಡಿ ಹಾಕಿದಳು. ಸ್ಟೂಲೆಳೆದು ಕೂತಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

"ಅಮ್ಮಂಗೆ ಹೇಳಬೇಡ, ಮಾವ."

"ಇಲ್ಲ."

ಮೇಸ್ತ್ರಿ ಲೇತಿಗೆ ಉಕ್ಕಿನ ಹೊಸ ಸರಳು ಕಚ್ಚಿಸಿದ. ಅವಳು ಕೈಗವಸುಗಳನ್ನು ಬೆಂಚಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಈ ಸಲ ಕಪ್ಪಗೇ ಇರಲಿ," ಎಂದಳು.